ಗಡಿಯ ಎರಡೂ ಕಡೆಯವರ ಭಾಸ್ಕರಾಚಾರ್ಯರು



ಸಂಜೆ ಕುರನೂರ ಆಣೆಕಟ್ಟಿನ ಮೇಲೆ ನಿಂತು ಹೊತ್ತು ಮುಳುಗಿತು ಎನ್ನುತ್ತೇವೆ. ತಿರುಗುವುದು ಭೂಮಿ ಎಂದು ಶಾಲೆಯಲ್ಲಿ ಕಲಿತಿದ್ದರೂ ಕಣ್ಣು ಮಾತ್ರ ಸೂರ್ಯನೇ ಸರಿದ ಎನ್ನುತ್ತದೆ. ಈ ವಿಷಯವಾಗಿ ನಮ್ಮ ದೇಶದಲ್ಲಿ ಶತಮಾನಗಟ್ಟಲೆ ವಾದ ನಡೆದಿದೆ. ಆ ವಾದದಲ್ಲಿ ಬರುವ ದೊಡ್ಡ ಹೆಸರು ಭಾಸ್ಕರಾಚಾರ್ಯರದು. ಈ ಸಲದ ಪರಿಚಯ ಅವರದೇ.

ಆಚಾರ್ಯರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಗುರುಗಳು. ತಮ್ಮ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎಂದು ಅವರೇ ಬರೆದಿದ್ದಾರೆ. ಅದು ನಮ್ಮ ವಿಜಯಪುರ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ ಕಡೆಯ ಊರು ಎನ್ನುವವರೂ ಇದ್ದಾರೆ. ಅಜ್ಜನ ಗ್ರಂಥಗಳನ್ನು ಕಲಿಸಲೆಂದು ಮೊಮ್ಮಗ ಚಂಗದೇವ ಮಠ ಸ್ಥಾಪಿಸಿದ ಶಾಸನ ಆ ಕಡೆಯ ಪಾಟಣದಲ್ಲಿದೆ. ಅವರ ಕಾಲದಲ್ಲಿ ಈ ಗಡಿಯೇ ಇರಲಿಲ್ಲ. ಅದೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು.

36ನೇ ವಯಸ್ಸಿನಲ್ಲಿ, 1150ರಲ್ಲಿ, ಆಚಾರ್ಯರು ಸಿದ್ಧಾಂತ ಶಿರೋಮಣಿ ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ಅದರಲ್ಲಿ ನಾಲ್ಕು ಭಾಗ. ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎಂಬ ಪುರಾಣದ ಮಾತನ್ನು ಅವರು ಗೋಲಾಧ್ಯಾಯದಲ್ಲಿ ಪ್ರಶ್ನಿಸಿದರು. ಹೊತ್ತವರಿಗೆ ಆಧಾರ ಯಾರು, ಅವರಿಗೆ ಮತ್ತೆ ಯಾರು ಎಂದು ಕೇಳುತ್ತ ಹೋದರೆ ಕೊನೆಯೇ ಇಲ್ಲ. ಆದ್ದರಿಂದ ಭೂಮಿ ತನ್ನ ಸ್ವಭಾವದಿಂದಲೇ ಆಕಾಶದಲ್ಲಿ ನಿಂತಿದೆ ಎಂದರು. ಭೂಮಿ ಸದಾ ಕೆಳಗೆ ಬೀಳುತ್ತಿದೆ ಎಂದ ಬೌದ್ಧರಿಗೆ, ಮೇಲೆ ಎಸೆದ ಕಲ್ಲು ಮರಳಿ ನೆಲಕ್ಕೆ ಬರುವುದನ್ನು ನೋಡಿರೆಂದರು. ಭಾರದ ವಸ್ತುಗಳನ್ನು ಭೂಮಿಯೇ ಸೆಳೆಯುತ್ತದೆ ಎಂದೂ ಹೇಳಿದರು. ಭೂಮಿ ಗುಂಡಗಿದ್ದರೂ ನಮಗೆ ಸಪಾಟಾಗಿ ಕಾಣುವುದು ಏಕೆ? ಪರಿಧಿಯ ನೂರನೇ ಒಂದು ಭಾಗ ಯಾವಾಗಲೂ ನೇರವಾಗಿಯೇ ತೋರುತ್ತದೆ ಎಂಬುದು ಅವರ ಉತ್ತರ.

ಆದರೆ ಒಂದು ಮಾತನ್ನು ನಾವು ಮುಚ್ಚಿಡಬಾರದು. ಭೂಮಿ ತನ್ನ ಸುತ್ತ ತಿರುಗುತ್ತದೆ ಎಂದು ಆರ್ಯಭಟರು 499ರಲ್ಲೇ ಹೇಳಿದ್ದರು. ಹಾಗಿದ್ದರೆ ಹಕ್ಕಿಗಳು ಗೂಡಿಗೆ ಮರಳುವುದು ಹೇಗೆ ಎಂದು ವರಾಹಮಿಹಿರರು ಕೇಳಿದರು. ಬ್ರಹ್ಮಗುಪ್ತರೂ ಒಪ್ಪಲಿಲ್ಲ. ಬ್ರಹ್ಮಗುಪ್ತರ ದಾರಿ ಹಿಡಿದ ನಮ್ಮ ಆಚಾರ್ಯರೂ ಭೂಮಿ ಸ್ಥಿರವೆಂದೇ ಬಗೆದರು. ಹೊರುವವರನ್ನೆಲ್ಲ ಕೆಳಗಿಳಿಸಿದ ಅವರು ಭೂಮಿಯನ್ನು ತಿರುಗಲು ಬಿಡಲಿಲ್ಲ.

ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು ಎಂಬ ವಾಟ್ಸಾಪ್ ಸಂದೇಶಗಳು ನಮ್ಮ ಗುಂಪಿಗೂ ಬರುತ್ತವೆ. ಓದದೆ ನಾವೂ ಕೆಲವನ್ನು ಮುಂದೆ ಕಳಿಸಿದ್ದುಂಟು; ಅದು ನಮ್ಮ ತಪ್ಪು. ಎಲ್ಲವೂ ಗೊತ್ತಿತ್ತು ಎಂದರೆ ಅವರು ಪಟ್ಟ ಶ್ರಮಕ್ಕೆ ಬೆಲೆ ಎಲ್ಲಿ? 69ನೇ ವಯಸ್ಸಿನಲ್ಲೂ ಕರಣಕುತೂಹಲ ಬರೆದು ಲೆಕ್ಕವನ್ನು ಸುಲಭ ಮಾಡಿಕೊಟ್ಟವರು ಅವರು. ಹಿರಿಯರ ಮಾತನ್ನೂ ಕೇಳಿ ನೋಡಬೇಕು ಎಂದು ಕಲಿಸಿದವರನ್ನು ನಾವೂ ಕೇಳಿ ನೋಡುವುದೇ ಗುರುದಕ್ಷಿಣೆ.

ಮುಂದಿನ ಕೂಟಕ್ಕೆ ಮಕ್ಕಳನ್ನೂ ಕರೆತನ್ನಿ. ಪ್ರಶ್ನೆ ಕೇಳುವ ಸರದಿ ಅವರದು.

ಇಂತಿ,
ಕಾರ್ಯದರ್ಶಿ