ಮುಳಬಾಗಿಲಿನ ಮಂಕುತಿಮ್ಮ

ಮೋಶೆ ತನಗೆ ಮಾತು ಬರಲ್ಲ ಅಂದಾಗ ದೇವರು ಏನು ಮಾಡಿದರು? ಇಲ್ಲ ಇಲ್ಲ, ಚೆನ್ನಾಗೇ ಮಾತಾಡ್ತೀಯ ಅನ್ನಲಿಲ್ಲ. ನಾನೇ ಜೊತೆಗಿರ್ತೀನಿ ಅಂದರು, ಆಮೇಲೆ ಆರೋನನನ್ನೂ ಕೊಟ್ಟರು. ವಿಮೋಚನಕಾಂಡ 4ನೇ ಅಧ್ಯಾಯ, ಮನೆಗೆ ಹೋಗಿ ಓದಿ.

ಇದನ್ನ ಓದುವಾಗೆಲ್ಲ ನಂಗೆ ನಮ್ಮ ಶ್ರೀನಿವಾಸಪುರದ ಪಕ್ಕದ ತಾಲೂಕಿನವರೊಬ್ಬರು ನೆನಪಾಗ್ತಾರೆ. ಡಿ.ವಿ. ಗುಂಡಪ್ಪ, ಎಲ್ಲರೂ ಕರೆಯೋದು ಡಿವಿಜಿ ಅಂತ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದರು. ನಮ್ಮ ವಿಶ್ವಾಸದವರಲ್ಲ, ಆದ್ರೂ ಕೇಳಿ.

ಮೆಟ್ರಿಕ್ ಫೇಲ್. ಡಿಗ್ರಿ ಇಲ್ಲವೇ ಇಲ್ಲ. ಹೊಟ್ಟೆಪಾಡಿಗೆ ಸೋಡಾ ಫ್ಯಾಕ್ಟರಿಯಲ್ಲೂ ದುಡಿದರು. ಆಮೇಲೆ ಬೆಂಗಳೂರು, ಪತ್ರಿಕೆ ಕೆಲಸ. ಓದಬೇಕಾದ್ದನ್ನೆಲ್ಲ ತಾವೇ ಕೂತು ಓದಿಕೊಂಡರು. 1943ರಲ್ಲಿ ಅವರ ಹೆಸರುವಾಸಿ ಪುಸ್ತಕ ಬಂತು. ಅದಕ್ಕಿಟ್ಟ ಹೆಸರು ಮಂಕುತಿಮ್ಮನ ಕಗ್ಗ! ಮಂಕು ಅಂದ್ರೆ ದಡ್ಡ, ಕಗ್ಗ ಅಂದ್ರೆ ಹುರುಳಿಲ್ಲದ ಮಾತು. ನಮ್ಮ ಇನ್‌ಸ್ಟಾ ಬಯೋದಲ್ಲಿ ಯಾರಾದ್ರೂ ಹಾಗೆ ಹಾಕ್ಕೊಳ್ತೀವಾ? ಓದಿದವರು ಆ ಹೆಸರನ್ನ ತಿದ್ದೋಕೆ ಹೋಗಲಿಲ್ಲ, ಪುಸ್ತಕವನ್ನ ಮನೆಗೆ ಒಯ್ದರು.

1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ಬಂತು ಅಂತ ಮೆಟ್ರಿಕ್ ಪಾಸ್ ಆಗಲಿಲ್ಲ ನೋಡಿ, ಫೇಲ್ ಫೇಲೇ. 1975ರಲ್ಲಿ ತೀರಿಕೊಂಡರು.

ಹೋದ ವಾರ ಪಿ.ಜಿ.ಯಲ್ಲಿ ನಿಮ್ಮ ರೂಮ್‌ಮೇಟ್, ನಂಗೆ ಈ ಕೋರ್ಸ್ ತಲೆಗೆ ಹತ್ತುತ್ತಿಲ್ಲ ಅಂದಾಗ, ಛೇ, ನೀನು ಸೂಪರ್ ಅಂತ ಬಾಯಿ ಮುಚ್ಚಿಸಿದ್ರಾ? ಇಲ್ಲಾ, ಯಾವ ಪೇಪರ್ ಅಂತ ಕೇಳಿ ಪಕ್ಕದಲ್ಲಿ ಕೂತ್ರಾ?