ಸೇತುವೆ ಕಾಯ್ದ ಹೆಚ್ಚುವರಿ ತಂತಿ

ಎಂಜಿನಿಯರಿಂಗ್ ಓದುತ್ತಿರುವ ನನಗೆ ವಾಷಿಂಗ್ಟನ್ ರೋಬ್ಲಿಂಗ್ ಎಂದರೆ ತುಂಬಾ ಗೌರವ. 1869ರಲ್ಲಿ ತಂದೆ ಜಾನ್ ತೀರಿಕೊಂಡಾಗ ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆಯ ಹೊಣೆ 32ರ ಈ ಮಗನ ಹೆಗಲೇರಿತು. ನದಿಯಡಿ ಅಡಿಪಾಯ ಹಾಕಿಸುವಾಗ ಕಾಯಿಲೆಗೆ ತುತ್ತಾಗಿ ಹಾಸಿಗೆ ಹಿಡಿದರು. ಆಗ ಅವರ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸಿದವರು ಪತ್ನಿ ಎಮಿಲಿ.

1878ರಲ್ಲಿ ಗುತ್ತಿಗೆದಾರನೊಬ್ಬ ಕಳಪೆ ತಂತಿ ಪೂರೈಸಿದ್ದು ಬಯಲಾಯಿತು. ಅಷ್ಟರಲ್ಲಿ ಅದು ಕೇಬಲ್ ಸೇರಿಬಿಟ್ಟಿತ್ತು, ತೆಗೆಯುವಂತಿರಲಿಲ್ಲ. ಆದರೆ ಕೇಬಲ್‌ಗಳ ಬಲವನ್ನು ಮೊದಲೇ ಆರು ಪಟ್ಟು ಇಟ್ಟು ಲೆಕ್ಕ ಹಾಕಲಾಗಿತ್ತು. ರೋಬ್ಲಿಂಗ್ ಪ್ರತಿ ಕೇಬಲ್‌ಗೂ ಸುಮಾರು 150 ಒಳ್ಳೆಯ ತಂತಿ ಸೇರಿಸಿದರು. ಸಾವಿರಾರು ತಂತಿಗಳಲ್ಲಿ ಕೆಲವು ಸೋತರೂ ಉಳಿದವು ಭಾರ ಹೊರುತ್ತವೆ.

1883ರಲ್ಲಿ ತೆರೆದ ಸೇತುವೆ ಇಂದಿಗೂ ನಿಂತಿದೆ. ರೋಬ್ಲಿಂಗ್ 1926ರಲ್ಲಿ ತೀರಿಕೊಂಡರು. ಹೆಚ್ಚುವರಿ ಎಂದರೆ ದುಂದು ಎನ್ನುವವರಿಗೆ ನಾನು ಇವರ ಕತೆ ಹೇಳುತ್ತೇನೆ.