ಕರಿಕಲ್ಲಿನ ಕೆಳಗೇನಿದೆ? ರಾಬರ್ಟ್ ಬ್ರೂಸ್ ಫೂಟ್

ನಮ್ಮ ಸಾಂಗ್ಲಿ-ಮಿರಜ ಭಾಗದಲ್ಲಿ ಬಾವಿ ತೋಡಿಸಿದವರಿಗೆಲ್ಲ ಕರಿಕಲ್ಲಿನ ಪರಿಚಯವುಂಟು. ಮೇಲೆ ಎರೆಮಣ್ಣು, ಅದರಡಿ ಮುರುಮು, ಅದರಡಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಆರಿ ಈ ಕಲ್ಲಾಯಿತು. ಇದರ ಕೆಳಗೇನಿದೆ? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ದಾರಿ ಮಾಡಿಕೊಟ್ಟ ಮಹನೀಯರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು.

ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಕಂಡುಹಿಡಿದು ಪ್ರಸಿದ್ಧರಾದರು. ಸಾಂಗ್ಲಿ, ಮಿರಜ, ಜಮಖಂಡಿ ಮೊದಲಾದ ಸಂಸ್ಥಾನಗಳಿದ್ದ ಸೀಮೆಗೆ ಅಂದು ದಕ್ಷಿಣ ಮರಾಠಾ ಪ್ರದೇಶವೆಂದು ಹೆಸರು. ಅದರ ಶಿಲೆಗಳನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು.

ಕರಿಕಲ್ಲಿನ ಹೊದಿಕೆ ದಕ್ಷಿಣದಲ್ಲಿ ಮುಗಿಯುವೆಡೆ ಮರಳುಗಲ್ಲು, ಸುಣ್ಣಗಲ್ಲುಗಳ ಪದರಗಳು ಹೊರಬೀಳುತ್ತವೆ. ಘಟಪ್ರಭೆಯ ದಂಡೆಯ ಕಲಾದಗಿ ಊರಿನ ಹೆಸರನ್ನೇ ಫೂಟ್ ಅವುಗಳಿಗೆ ಇಟ್ಟರು. ಆ ಪದರಗಳು ಉತ್ತರದಲ್ಲಿ ಕರಿಕಲ್ಲಿನಡಿ ನುಸುಳಿ ಮರೆಯಾಗುತ್ತವೆ. ಆದರೆ ಎಷ್ಟು ದೂರ? ಅಂದು ಅವರ ಬಳಿ ಇದ್ದುದು ಸುತ್ತಿಗೆ, ಕಣ್ಣು, ಕಾಲು. ಕಲ್ಲಿನಡಿ ನೋಡುವ ಸಾಧನವಿರಲಿಲ್ಲ.

ಇಂದು ಅದನ್ನು ವಿಮಾನದಿಂದ ಅಳೆಯುತ್ತಾರೆ. ವಿಮಾನವು ಹೊಲದಲ್ಲಿ ನೇಗಿಲು ಸಾಲು ಹೊಡೆದಂತೆ ಸಮಾನಾಂತರವಾಗಿ ಹಾರುತ್ತದೆ. ಅದರಲ್ಲಿಯ ಕಾಂತಮಾಪಕವು ನೆಲದ ಕಾಂತಶಕ್ತಿಯ ಏರಿಳಿತವನ್ನು ಬರೆದುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಿದ ಈ ಉಪಕರಣ ಯುದ್ಧಾನಂತರ ತೈಲಶೋಧನೆಯಲ್ಲಿ ಬಹಳ ಉಪಯೋಗಕ್ಕೆ ಬಂದಿತು. ತೈಲ, ಅನಿಲಗಳು ಸಾಮಾನ್ಯವಾಗಿ ಪದರಶಿಲೆಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ಕಾಂತಗುಣ ಬಹಳ ಕಡಿಮೆ. ತಳದ ಕಣಶಿಲೆಗಳಲ್ಲಿ ಹೆಚ್ಚು. ಏರಿಳಿತ ಮೊನಚಾಗಿದ್ದರೆ ತಳಶಿಲೆ ಹತ್ತಿರ, ಹರಡಿಕೊಂಡಿದ್ದರೆ ಆಳ. ಹೀಗೆ ಪದರಶಿಲೆಯ ದಪ್ಪವನ್ನು ಅಂದಾಜು ಮಾಡುತ್ತಾರೆ. ನಮ್ಮ ಕರಿಕಲ್ಲಿಗೇ ಕಾಂತಗುಣವಿರುವುದರಿಂದ ಇಲ್ಲಿ ಲೆಕ್ಕ ತೊಡಕಿನದು. ಆದ್ದರಿಂದ ಗುರುತ್ವವನ್ನೂ ಅಳೆಯಬೇಕಾಗುತ್ತದೆ.

1967ರ ಕೊಯ್ನಾ ಭೂಕಂಪವನ್ನು ನಮ್ಮ ಹಿರಿಯರು ಮರೆತಿಲ್ಲ. ಅದರ ಮೂಲವನ್ನು ಅರಿಯಲು 2011ರ ನಂತರದ ವರ್ಷಗಳಲ್ಲಿ ಕೊಯ್ನಾ-ವಾರಣಾ ಪ್ರದೇಶದ ಮೇಲೆ ಇಂಥದೇ ವಿಮಾನ ಸಮೀಕ್ಷೆ ನಡೆಯಿತು. ಆಳವಾದ ರಂಧ್ರಗಳನ್ನೂ ಕೊರೆದರು. ಸುಮಾರು ಒಂದು ಕಿಲೋಮೀಟರು ಕರಿಕಲ್ಲು ಮುಗಿದೊಡನೆ ಸಿಕ್ಕಿದ್ದು ಕಣಶಿಲೆ. ನಡುವೆ ಪದರಶಿಲೆ ಇರಲಿಲ್ಲ. ಅಂದರೆ ಅಲ್ಲಿ ತೈಲದ ಆಸೆಗೆ ಆಧಾರವಿಲ್ಲ. ಕಲಾದಗಿ ಪದರಗಳಲ್ಲಿಯೂ ಇದುವರೆಗೆ ತೈಲೋದ್ಯಮಕ್ಕೆ ಸಾಲುವಷ್ಟು ತೈಲ ದೊರೆತಿಲ್ಲ. ಇಲ್ಲವೆಂದು ತಿಳಿಯುವುದೂ ಜ್ಞಾನವೇ. ಬರಿಯ ಆಸೆಯ ಮೇಲೆ ಬಾವಿ ತೋಡಿಸಿ ಸಾಲ ಹೊತ್ತ ರೈತನಿಗೆ ಇದರ ಬೆಲೆ ಗೊತ್ತು.

ಫೂಟ್ ಅವರು 1891ರಲ್ಲಿ ನಿವೃತ್ತರಾದರು. ಬಳಿಕ ಬರೋಡಾ, ಮೈಸೂರು ಸಂಸ್ಥಾನಗಳಿಗೂ ದುಡಿದು, 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ನಿಧನರಾದರು. ತಾವು ಕೂಡಿಸಿದ ಪ್ರಾಚೀನ ವಸ್ತುಗಳು ಮದ್ರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರುವಂತೆ ಮಾಡಿದ್ದರು.

ವಿಮಾನ ಕೊಡುವುದು ಅಂಕಿಗಳನ್ನು. ಆ ಅಂಕಿಗಳ ಹಿಂದಿನ ಕಲ್ಲು ಯಾವುದೆಂದು ಹೇಳಲು, ಆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರು ಬೇಕೇ ಬೇಕು. ವಿದ್ಯಾರ್ಥಿಗಳಾದ ನಾವು ಶಾಲೆಯ ದಾರಿಯ ಕಲ್ಲನ್ನಾದರೂ ಒಮ್ಮೆ ಎತ್ತಿ ನೋಡೋಣ.